ಅನ್ನ ಮಾತ್ರ ಮುಟ್ಟಬೇಡ

ಚಿಕ್ಕಮಗಳೂರಿನ ಫುಡ್ ಕೋರ್ಟಿನಲ್ಲಿ ಥಾಯ್ ನೂಡಲ್ಸ್ ತಿನ್ನುತ್ತ ಹೆಣ್ಣು ನೋಡಿದವನು ನಮ್ಮ ಬಾಳೂರು ಸೀಮೆಯಲ್ಲಿ ನಾನೊಬ್ಬನೇ ಇರಬೇಕು. ಅದೂ ನಲವತ್ತಾರನೇ ವಯಸ್ಸಿನಲ್ಲಿ. ಹೆಣ್ಣು ನೋಡಿದೆ ಎನ್ನುವುದೂ ಪೂರ್ತಿ ಸರಿಯಲ್ಲ. ಆ ಒಂದು ಗಂಟೆಯಲ್ಲಿ ನಾನು ಹೆಚ್ಚಾಗಿ ನೋಡಿದ್ದು ನನ್ನ ಅಂಗಿಯ ಮುಂಭಾಗವನ್ನು, ಕಿಟಕಿಯಾಚೆಯ ಮೋಡವನ್ನು, ಮತ್ತು ಕಂಬದ ಪಕ್ಕ ಕೂತಿದ್ದ ನನ್ನ ಅಕ್ಕನನ್ನು.

ನನಗೆ ಐದು ಎಕರೆ ಕಾಫಿ ತೋಟವಿದೆ. ತೋಟದಲ್ಲಿರುವವನಿಗೆ ಹೆಣ್ಣು ಕೊಡುವವರಿಲ್ಲ ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಆ ಮಾತು ನನಗೆ ಬಹಳ ವರ್ಷ ಉಪಕಾರಕ್ಕೆ ಬಂತು. ನಿಜವೆಂದರೆ ಅದು ಅರ್ಧ ಸತ್ಯ. ಉಳಿದರ್ಧ ನನ್ನ ಯೋಚನೆ. ಒಂದು ಮನೆಯ ಹುಡುಗಿ ಬಹಳ ಕಡಿಮೆ ಮಾತಾಡಿದಳು, ಮನಸ್ಸಿನಲ್ಲಿ ಏನೋ ಸಂಕಟವಿರಬಹುದು ಎಂದು ಯೋಚಿಸಿದೆ. ಇನ್ನೊಬ್ಬಳು ಚೆನ್ನಾಗಿ ಮಾತಾಡಿದಳು, ನಮ್ಮ ಮೂಲೆಮನೆಯಲ್ಲಿ ಇವಳ ಮಾತು ಕೇಳುವವರು ಯಾರು ಎಂದು ಯೋಚಿಸಿದೆ. ನಾನು ಯೋಚಿಸಿ ಮುಗಿಸುವ ಹೊತ್ತಿಗೆ ಅವರಿಗೆಲ್ಲ ಬೇರೆ ಕಡೆ ಮದುವೆಯಾಗಿ, ಮಕ್ಕಳೂ ಸ್ಕೂಲಿಗೆ ಹೋಗುತ್ತಿದ್ದರು.

ಹೀಗಿರುವಾಗ ಮೂಡಿಗೆರೆಯಲ್ಲಿರುವ ಅಕ್ಕ, ಸೋಲೊಪ್ಪದೆ, ಇನ್ನೊಂದು ಸಂಬಂಧ ತಂದಳು. ನಲವತ್ತೆರಡು ವರ್ಷದವರು. ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ಕಾರ್ಖಾನೆಯೊಂದರಲ್ಲಿ ಬೀಜ ಆರಿಸುವ ಹೆಂಗಸರ ಮೇಲೆ ಸೂಪರ್‌ವೈಸರ್. ಅವರ ಕಡೆಯಿಂದ ಬಂದ ಮಾತು ಇಷ್ಟೇ: ಮನೆಗೆ ಬರುವುದು ಬೇಡ, ಊಟದ ಬಿಡುವಿನಲ್ಲಿ ಪೇಟೆಯ ಫುಡ್ ಕೋರ್ಟಿಗೆ ಬರಲಿ, ಒಬ್ಬರೇ ಬರಲಿ.

“ಮನೆಗೆ ಕರೀದೆ ಹೋಟ್ಲಿಗೆ ಕರೀತಾರೆ ಅಂದ್ರೆ ಎಂತ ಅರ್ಥ ಮಾರಾಯ?” ಎಂದಳು ಅಕ್ಕ ಫೋನಿನಲ್ಲಿ.

“ಈಗ ಎಲ್ಲ ಹಂಗೇ ಅಂತೆ ಅಕ್ಕ.”

“ಈಗಿನೋರಿಗೆ ಹಂಗೆ. ನೀನು ಈಗಿನವ್ನಾ?”

ನನ್ನನ್ನು ಒಬ್ಬನೇ ಕಳಿಸುವ ಧೈರ್ಯ ಅವಳಿಗಿರಲಿಲ್ಲ. ಒಬ್ಬನೇ ಹೋಗುವ ಧೈರ್ಯ ನನಗೂ ಇರಲಿಲ್ಲ, ಆದರೆ ನಾನು ಅದನ್ನು ಹೇಳಲಿಲ್ಲ. ನಾನು ಕೂತಿದ್ದ ಬಸ್ಸಿಗೇ ಅವಳು ಮೂಡಿಗೆರೆಯಲ್ಲಿ ಹತ್ತಿ, ಪಕ್ಕದಲ್ಲಿ ಕೂತು, ನನ್ನ ಹಣೆಯ ವಿಭೂತಿಯನ್ನು ಸೆರಗಿನ ತುದಿಯಿಂದ ತಿದ್ದಿದಳು.

“ನಾನು ದೂರ ಕೂತ್ಕೋತೀನಿ. ಗುರ್ತಿಲ್ಲದೋರ ಹಂಗೆ. ನೀನು ಎಂತ ಬೇಕಾದ್ರೂ ತಿನ್ನು, ಅನ್ನ ಮಾತ್ರ ಮುಟ್ಟಬೇಡ.”

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಹೆಣ್ಣು ನೋಡಲು ಹೋದವರು ಆ ಮನೆಯಲ್ಲಿ ಊಟ ಮಾಡುವುದಿಲ್ಲ. ಉಪ್ಪಿಟ್ಟು, ಕೇಸರಿಬಾತು, ಕಾಫಿ ಎಷ್ಟಾದರೂ ಆಗಬಹುದು, ಅದು ತಿಂಡಿ. ತಿಂಡಿ ತಿಂದವನು ಬಾಯಿ ಒರೆಸಿಕೊಂಡು ‘ತಿಳಿಸ್ತೀವಿ’ ಎಂದು ಎದ್ದು ಬರಬಹುದು. ಅನ್ನ ಉಂಡರೆ ಮಾತು ಮುಗಿದ ಹಾಗೆ, ಸಂಬಂಧ ಒಪ್ಪಿದ ಹಾಗೆ. ತಿಂಡಿಗೂ ಊಟಕ್ಕೂ ಇರುವ ಗಡಿ ಹೊಟ್ಟೆಯ ಅಳತೆಯದ್ದಲ್ಲ, ಅನ್ನದ್ದು. ಸೋಮವಾರದ ಒಪ್ಪತ್ತಿನ ದಿನ ನಮ್ಮಜ್ಜಿ ಎರಡು ತಟ್ಟೆ ಉಪ್ಪಿಟ್ಟು ಮುಗಿಸಿ, ಅನ್ನ ಮುಟ್ಟಲಿಲ್ಲವಲ್ಲ ಎಂಬ ಕಾರಣಕ್ಕೆ, ಉಪವಾಸದ ಸುಸ್ತಿನಲ್ಲಿ ಗೋಡೆಗೆ ಒರಗುತ್ತಿದ್ದರು.

“ಅಲ್ಲ ಅಕ್ಕ, ಅದು ಅವರ ಮನೆಯಲ್ಲವಲ್ಲ, ಫುಡ್ ಕೋರ್ಟು.”

“ಎಲ್ಲಿದ್ರೂ ಅನ್ನ ಅನ್ನಾನೇ.”

ವಾದಕ್ಕೆ ನಾನು ಬಲಹೀನ. ಅದಲ್ಲದೆ ನನ್ನ ತಲೆಯಲ್ಲಿ ಬೇರೆ ಗಾಬರಿ ಓಡುತ್ತಿತ್ತು. ಕೊಯ್ಲು ಮುಗಿಯುತ್ತ ಬಂದು ಕಣದ ತುಂಬ ಕಾಫಿ ಒಣಗಲು ಹರಡಿ ಬಂದಿದ್ದೆ. ಕೊಟ್ಟಿಗೆಹಾರದ ಹತ್ತಿರ ಬಸ್ಸು ತಿರುಗುವಾಗ ಪಶ್ಚಿಮಕ್ಕೆ ಬೊಗಸೆಯಷ್ಟು ಮೋಡ ಕಂಡಿತ್ತು. ಆ ಬೊಗಸೆ ಈಗ ಬುಟ್ಟಿಯಾಗಿರಬಹುದೇ ಎಂದು ಲೆಕ್ಕ ಹಾಕುತ್ತಲೇ ಚಿಕ್ಕಮಗಳೂರು ಮುಟ್ಟಿದೆ.

ಫುಡ್ ಕೋರ್ಟು ಬಸ್ ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ದೂರದಲ್ಲಿ, ಬಟ್ಟೆ ಅಂಗಡಿಗಳ ಮೇಲಿನ ಮಹಡಿಯಲ್ಲಿತ್ತು. ಗೋಡೆಯುದ್ದಕ್ಕೂ ಸಾಲು ಕೌಂಟರುಗಳು, ನಡುವೆ ಎಲ್ಲರಿಗೂ ಸೇರಿದ ಮೇಜುಗಳು. ಅವರು ಆಗಲೇ ಬಂದು ಥಾಯ್ ಕೌಂಟರಿನ ಎದುರು ನಿಂತಿದ್ದರು. ಕಡುನೀಲಿ ಕಾಟನ್ ಸೀರೆ, ಕೊರಳಲ್ಲಿ ಕ್ಯೂರಿಂಗಿನ ಗುರುತಿನ ಚೀಟಿ. ನನ್ನನ್ನು ನೋಡಿ ನಕ್ಕರು, ಅಕ್ಕ ತೋರಿಸಿದ್ದ ಫೋಟೋದಲ್ಲಿ ನಕ್ಕಿರಲಿಲ್ಲ.

“ಇದು ಬೇಗ ಆಗ್ತದೆ, ಐದೇ ನಿಮಿಷ,” ಎಂದರು. “ನಾನು ಎರಡೂವರೆಗೆ ಒಳಗಿರಬೇಕು. ನಿಮಗೆ ಆಗ್ತದಲ್ಲ?”

ಆಗುತ್ತದೆ ಎಂದೆ. ಕೌಂಟರಿನ ಹೆಂಗಸನ್ನು, ಇದರಲ್ಲಿ ಮೀನಿನ ರಸ ಹಾಕುತ್ತೀರಾ ಎಂದು ಕೇಳಿದೆ. ಇಲ್ಲ ಸರ್, ವೆಜ್‌ಗೆ ಹಾಕಲ್ಲ ಎಂದರು. ಮೀನಿಗೆ ಹಾಕಿದ ಸೌಟನ್ನೇ ಇದಕ್ಕೂ ಹಾಕುತ್ತೀರಾ ಎಂದೆ. ಇಲ್ಲ ಸರ್. ಬಾಣಲೆ? ಹಿಂದೆ ನಿಂತಿದ್ದವರು ಕೆಮ್ಮಿದರು. ನೀಲಿ ಸೀರೆಯವರು ತಮಗೆ ಗ್ರೀನ್ ಕರಿ ಮತ್ತು ಅನ್ನ ಹೇಳಿದರು. ನಾನು ಅಕ್ಕನ ಮಾತಿಗೆ ಕಟ್ಟುಬಿದ್ದು ನೂಡಲ್ಸ್ ಹೇಳಿದೆ. ಇಬ್ಬರ ಕೈಗೂ, ತಟ್ಟೆ ಸಿದ್ಧವಾದಾಗ ಅದುರುವ ಒಂದೊಂದು ದುಂಡನೆಯ ಬಜರ್ ಕೊಟ್ಟರು. ನಿಜವಾಗಿಯೂ ಐದೇ ನಿಮಿಷಕ್ಕೆ ನನ್ನದು ಅಂಗೈಯಲ್ಲಿ ಜೀರುಂಡೆಯಂತೆ ಗುರುಗುಟ್ಟಿ, ನಾನು ಕುರ್ಚಿಯಿಂದ ಒಂದು ಗೇಣು ಎದ್ದೆ.

ನಮ್ಮ ತಟ್ಟೆಗಳನ್ನು ನಾವೇ ತಂದುಕೊಂಡು ಕೂತೆವು. ನೂಡಲ್ಸಿನ ರುಚಿ ಗುರುತಿನದೇ ಆಗಿತ್ತು: ಹುಣಸೆ, ಬೆಲ್ಲ, ಹುರಿದ ಕಡಲೆಬೀಜ. ಪುಳಿಯೋಗರೆ ಗೊಜ್ಜಿಗೆ ಅನ್ನ ಸಿಗದೆ ಶಾವಿಗೆ ಸಿಕ್ಕಂತೆ. ಆದರೆ ಹೆಣ್ಣು ನೋಡಲು ಬಂದವನು ತಿನ್ನಬಾರದ ಪದಾರ್ಥವೊಂದಿದ್ದರೆ ಅದು ಅದೇ. ಫೋರ್ಕಿಗೆ ಸುತ್ತಿದರೆ ಬಿಚ್ಚಿಕೊಳ್ಳುತ್ತದೆ, ಬಾಯಿಗಿಟ್ಟರೆ ಅರ್ಧ ಹೊರಗೆ ತೂಗುತ್ತದೆ. ಹೀರಿದರೆ ಶಬ್ದ, ಕಡಿದರೆ ಅಂಗಿ. ಹೊಸ ಅಂಗಿಯ ಎರಡನೇ ಗುಂಡಿಯ ಹತ್ತಿರ ಕಂದು ಚುಕ್ಕೆಯೊಂದು ಬಿತ್ತು. ಅದರ ಮೇಲೆ ಕೈ ಇಟ್ಟುಕೊಂಡು ಕೂತೆ. ನೋಡುವವರಿಗೆ ಎದೆನೋವು ಬಂದ ಹಾಗೆ ಕಂಡಿರಬೇಕು.

“ಎಂತಾಯ್ತು?” ಎಂದರು.

“ಎಂತ ಇಲ್ಲ.”

ಅವರು ಇನ್ನೂ ತಿನ್ನಲು ಶುರುಮಾಡಿರಲಿಲ್ಲ. ಬಟ್ಟಲಿನ ಹಸಿರು ಗೊಜ್ಜಿನಿಂದ ಚಮಚದ ತುದಿಯಲ್ಲಿ ಲೆಮನ್ ಗ್ರಾಸ್ ಎನ್ನುವ ಮಜ್ಜಿಗೆಹುಲ್ಲಿನ ತುಂಡು, ನಿಂಬೆ ಎಲೆ, ಸೀಳಿದ ಹಸಿಮೆಣಸಿನಕಾಯಿ ಒಂದೊಂದನ್ನೇ ಎತ್ತಿ ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಿದ್ದರು. ಕಣ್ಣು ನನ್ನ ಮೇಲೆಯೇ ಇತ್ತು, ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ನಾನು ಆ ಕೈ ನೋಡುತ್ತಿರುವುದನ್ನು ಕಂಡು ನಕ್ಕರು.

“ಹದಿನೆಂಟು ವರ್ಷ ಬೀಜ ಆರಿಸಿದ ಕೈ. ಈಗ ಆರಿಸೋ ಕೆಲಸ ಇಲ್ಲ, ನೋಡ್ಕೊಳ್ಳೋದು ಅಷ್ಟೇ. ಕೈಗೆ ಗೊತ್ತಾಗಬೇಕಲ್ಲ.”

ಕಪ್ಪು ಬೀಜ, ಒಡಕು ಬೀಜ, ಹುಳ ಹೊಡೆದ ಬೀಜ ಎಲ್ಲ ಅವರ ಬೆರಳಿಗೆ ಸಿಗುತ್ತವೆ ಎಂದಾದರೆ ಎದುರಿಗೆ ಕೂತವನು ಯಾವ ರಾಶಿಗೆ ಎಂದು ನನಗೆ ಬೆವರು ಬಂತು. ಮಾತು ಬದಲಿಸಲು ಕಿಟಕಿಯಾಚೆ ನೋಡಿದೆ.

“ಕಣದಲ್ಲಿ ಕಾಫಿ ಉಂಟಾ?” ಎಂದರು.

“ಹೇಗೆ ಗೊತ್ತಾಯ್ತು?”

“ಬಂದಾಗಿಂದ ಏಳು ಸಲ ಆಕಾಶ ನೋಡಿದ್ರಿ. ಈ ಮೋಡ ಗಿರಿ ಕಡೆದು, ಅಲ್ಲೇ ಕೂತಿರ್ತದೆ. ನಿಮ್ಮ ಕಡೆ ಬರಲ್ಲ.” ಸ್ವಲ್ಪ ತಡೆದು, ದನಿ ತಗ್ಗಿಸಿ, “ಆ ಕಂಬದ ಪಕ್ಕ ಮೂಸಂಬಿ ಜ್ಯೂಸ್ ಇಟ್ಕೊಂಡು ಕೂತವರು ನಿಮ್ಮ ಅಕ್ಕ ಅಲ್ವಾ?” ಎಂದರು.

ನಾನು ಕಂಬದ ಕಡೆ ನೋಡಲಿಲ್ಲ. ನೋಡಿದ್ದರೆ ಸಿಕ್ಕಿಬೀಳುತ್ತಿದ್ದೆ. “ಯಾವ ಕಂಬ?” ಎಂದೆ.

“ನಿಮ್ಮದೇ ಮೂಗು. ಆಗಿಂದ ಖಾಲಿ ಲೋಟ ಹೀರ್ತಿದ್ದಾರೆ ಪಾಪ.”

ಇಬ್ಬರೂ ನಕ್ಕೆವು. ನನ್ನ ಕೈ ಅಂಗಿಯಿಂದ ಕೆಳಗೆ ಬಂತು. ಸ್ವಲ್ಪ ಧೈರ್ಯ ಬಂದು, ಮನೆಗೆ ಬೇಡ, ಇಲ್ಲಿಗೆ ಬನ್ನಿ ಎಂದಿದ್ದು ಯಾಕೆ ಎಂದು ಕೇಳಿಯೇಬಿಟ್ಟೆ.

ಅವರು ಚಮಚ ಕೆಳಗಿಟ್ಟರು. “ನಾನು ಆರು ಸಲ ಉಪ್ಪಿಟ್ಟು ಮಾಡಿದೀನಿ. ಆರು ಮನೆಯವರೂ ಹಾಕಿಸ್ಕೊಂಡು ಹಾಕಿಸ್ಕೊಂಡು ತಿಂದ್ರು. ಆರು ಮನೆಯವರೂ ತಿಳಿಸ್ತೀವಿ ಅಂದ್ರು. ಅಪ್ಪ ಇರೋವರೆಗೆ ಫೋನಿನ ಹತ್ರಾನೇ ಕುರ್ಚಿ ಹಾಕ್ಕೊಂಡು ಕೂತಿರ್ತಿದ್ರು. ಇಲ್ಲಾದ್ರೆ ನೋಡಿ, ಉಪ್ಪಿಟ್ಟು ಸಿಗಲ್ಲ.”

ದೂರು ಹೇಳುವ ದನಿ ಇರಲಿಲ್ಲ. ನಾನು ನೂಡಲ್ಸಿನ ಕಡೆ ನೋಡುತ್ತ ಕೂತೆ. ನಾನು ಉಪ್ಪಿಟ್ಟು ತಿಂದ ಮನೆಗಳು ಒಂಬತ್ತು. ಕಳಸದ ಮನೆಯ ಉಪ್ಪಿಟ್ಟಿನಲ್ಲಿ ಗೋಡಂಬಿ ಜಾಸ್ತಿ ಇತ್ತು, ಆಲ್ದೂರಿನದು ಸ್ವಲ್ಪ ಮುದ್ದೆಯಾಗಿತ್ತು, ಅವೆಲ್ಲ ನೆನಪಿವೆ. ಆ ರವೆ ಹುರಿದವರ ಮುಖ ಒಂದೂ ಸರಿಯಾಗಿ ನೆನಪಿಗೆ ಬರಲಿಲ್ಲ. ‘ತಿಳಿಸ್ತೀವಿ’ ಎಂದು ಅಕ್ಕನಿಂದ ಹೇಳಿಸಿ ನಾನು ಮನೆಗೆ ಹೋಗಿ ಯೋಚನೆ ಮಾಡುತ್ತಿದ್ದೆ. ಯೋಚನೆ ಮಾಡುವುದು ಯಾರಿಗೂ ತೊಂದರೆ ಕೊಡದ ಚಟ ಎಂದೇ ಅಲ್ಲಿಯವರೆಗೂ ನಂಬಿದ್ದೆ.

ಅಷ್ಟರಲ್ಲಿ ಅವರು ಅನ್ನದ ತಟ್ಟೆಯನ್ನು ನನ್ನ ಕಡೆ ಸರಿಸಿದರು. “ತುಂಬಾ ಕೊಟ್ಟಿದ್ದಾರೆ, ನಾನಿನ್ನೂ ಮುಟ್ಟಿಲ್ಲ. ನೂಡಲ್ಸು ನಿಮಗೆ ಸೇರಿದ ಹಾಗೆ ಕಾಣಲ್ಲ. ಸ್ವಲ್ಪ ಅನ್ನ ಹಾಕ್ಲಾ?”

ಕಂಬದ ಪಕ್ಕ ಅಕ್ಕ ಜೋರಾಗಿ ಕೆಮ್ಮಿದಳು. ಪಂಕ್ತಿಯಲ್ಲಿ ಬಡಿಸುವವರನ್ನು ತಡೆಯಲು ಎಲೆಗೆ ಅಡ್ಡ ಹಿಡಿಯುತ್ತೇವಲ್ಲ, ಹಾಗೆ ನನ್ನ ಎರಡೂ ಕೈಗಳು ತಾವಾಗಿಯೇ ಹೋಗಿ ತಟ್ಟೆಯ ಮೇಲೆ ಮುಚ್ಚಿಕೊಂಡವು.

“ಬೇಡ ಬೇಡ. ಅನ್ನ ಬೇಡ.”

ಹೇಳಿದ ಮೇಲೆಯೇ ನನಗೆ ಹೊಳೆದದ್ದು, ಅವರೂ ನಮ್ಮ ಜನವೇ, ಅವರ ಮನೆಯಲ್ಲೂ ಅಕ್ಕಂದಿರು ಇರುತ್ತಾರೆ, ಈ ನೇಮ ಅವರಿಗೂ ಗೊತ್ತು ಎಂದು. ಅವರ ಕೈ ಒಂದು ಕ್ಷಣ ಅಲ್ಲೇ ನಿಂತಿತು. ಆಮೇಲೆ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡು ಊಟ ಮಾಡಿದರು. ಈ ಸಲದ ರೋಬಸ್ಟಾ ಹೇಗಿದೆ, ನಿಮ್ಮ ಕಡೆ ಆನೆ ಕಾಟ ಹೇಗಿದೆ ಎಂದು ಕೇಳಿದರು. ಬಸ್ಸಿನಲ್ಲಿ ಪಕ್ಕದ ಸೀಟಿನವರು ಕೇಳುವ ಹಾಗೆ. ನಾನೂ ಹಾಗೆಯೇ ಉತ್ತರ ಕೊಟ್ಟೆ. ತಟ್ಟೆ ಖಾಲಿಯಾದಾಗ ಗಡಿಯಾರ ನೋಡಿ, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡರು. ಎರಡೂ ಹತ್ತು.

“ಸರಿ. ತಿಳಿಸಿ ಹಾಗಾದ್ರೆ.”

ಆ ಮಾತನ್ನು ನಾನು ಒಂಬತ್ತು ಸಲ ಹೇಳಿಸಿದ್ದೆ. ಯಾರಾದರೂ ಅದನ್ನು ನನಗೆ ಹೇಳಿದ್ದು ಅದೇ ಮೊದಲು.

“ಐದು ನಿಮಿಷ ಕೂತಿರಿ,” ಎಂದು ಎದ್ದೆ. “ಐದೇ ನಿಮಿಷ. ಹೋಗಬೇಡಿ.”

ಥಾಯ್ ಕೌಂಟರಿನಲ್ಲಿ ನನ್ನ ಮುಂದೆ ಇಬ್ಬರಿದ್ದರು. ಬೆನ್ನಿಗೆ ಯಾರೋ ತಿವಿದರು. ಗುರುತಿಲ್ಲದವರ ಹಾಗೆ ಇರಬೇಕಾಗಿದ್ದ ಅಕ್ಕ.

“ಎಂತೋ ಇದು? ಅವರನ್ನ ಅಲ್ಲಿ ಕೂರ್ಸಿ ಇಲ್ಲೆಂತ ಮಾಡ್ತಿದೀಯಾ? ಹೊಟ್ಟೆ ತುಂಬಿಲ್ವಾ?”

“ಅನ್ನ ತಗೊಳ್ತೀನಿ ಅಕ್ಕ.”

ಅವಳು ನನ್ನ ಮುಖವನ್ನೇ ನೋಡಿದಳು. “ಮಾತು ಮುಗೀತಾ?”

“ಇಲ್ಲ. ಮುಗಿಸೋಕೇ ತಗೊಳ್ತಿರೋದು.”

“ಸರಿಯಾಗಿ ಯೋಚನೆ ಮಾಡಿದೀಯಾ?”

“ಇಲ್ಲ ಅಕ್ಕ. ಮಾಡಿಲ್ಲ.”

ನಲವತ್ತಾರು ವರ್ಷದಲ್ಲಿ ಅವಳು ನನ್ನ ಬಾಯಿಂದ ಆ ಉತ್ತರ ಕೇಳಿರಲಿಲ್ಲ. ಸೆರಗು ಸರಿಮಾಡಿಕೊಂಡಳು. “ನಿಂಗೆ ಯೋಚನೆ ಮಾಡೋಕೆ ಬಿಟ್ಟಿದ್ದೇ ತಪ್ಪಾಯ್ತು,” ಎಂದಳು. ಆಮೇಲೆ ನನ್ನ ಅಂಗಿ ನೋಡಿ, “ಥೂ, ಎಂತ ಕಲೆ ಮಾಡ್ಕೊಂಡಿದೀಯ, ಅದನ್ನಾದ್ರೂ ಒರೆಸ್ಕೋ,” ಎಂದು ಹೇಳಿ ತನ್ನ ಕಂಬದ ಪಕ್ಕಕ್ಕೇ ಹೋದಳು. ಈ ಸಲ ಇನ್ನೊಂದು ಜ್ಯೂಸ್ ತೆಗೆದುಕೊಂಡಳು.

ಕೌಂಟರಿನ ಹೆಂಗಸು ನನ್ನ ಗುರುತು ಹಿಡಿದು, “ಸೌಟು ಬೇರೆ, ಬಾಣಲೆ ಬೇರೆ, ಸರ್,” ಎಂದು ತಾವೇ ಹೇಳಿಬಿಟ್ಟರು. ಬಜರ್ ಹಿಡಿದು ಅಲ್ಲೇ ನಿಂತೆ. ಐದು ನಿಮಿಷ ಅಷ್ಟು ಉದ್ದ ಇರುತ್ತದೆ ಎಂದು ಗೊತ್ತಿರಲಿಲ್ಲ. ಒಂದೊಂದು ಸಲ ತಿರುಗಿ ನೋಡುತ್ತಿದ್ದೆ. ಬ್ಯಾಗು ತೊಡೆಯ ಮೇಲೆ ಇತ್ತು. ಬ್ಯಾಗು ತೊಡೆಯ ಮೇಲೆಯೇ ಇತ್ತು. ಕೊನೆಗೆ ಬಜರ್ ಅದುರಿದ್ದೇ ತಡ, ಅದನ್ನು ಕೌಂಟರಿನ ಮೇಲಿಟ್ಟು ಟ್ರೇ ಎತ್ತಿಕೊಂಡೆ.

ಟ್ರೇಯನ್ನು ಅವರೆದುರು ಇಟ್ಟು ಕೂತೆ. ಬಿಳಿ ಅನ್ನದ ದಿಬ್ಬ, ಪಕ್ಕದಲ್ಲಿ ಹಸಿರು ಗೊಜ್ಜು. ಅವರು ಅನ್ನ ನೋಡಿದರು, ನನ್ನನ್ನು ನೋಡಿದರು, ಕಂಬದ ಕಡೆ ನೋಡಿದರು.

“ಅನ್ನ ಬೇಡ ಅಂದ್ರಲ್ಲ?”

“ಗೊತ್ತಿಲ್ಲದೆ ಅಂದೆ. ಈಗ ಗೊತ್ತಿದ್ದೇ ತಿಂತಿದೀನಿ,” ಎಂದೆ. “ನಾನೂ ಒಂಬತ್ತು ಮನೇಲಿ ಉಪ್ಪಿಟ್ಟು ತಿಂದವನು. ನಿಮಗೆ ತಿಳಿದಿರಲಿ ಅಂತ ಹೇಳ್ತಿದೀನಿ. ನಿಮಗೆ ಬೇಡ ಅನ್ನಿಸಿದ್ರೆ ಇದು ಬರೀ ನನ್ನ ಮಧ್ಯಾಹ್ನದ ಊಟ ಅಂದ್ಕೊಳ್ಳಿ.”

ಚಮಚ ಬದಿಗಿಟ್ಟು ಕೈಯಲ್ಲೇ ಕಲಸಿದೆ. ಮೊದಲ ತುತ್ತಿನಲ್ಲೇ ಇಡೀ ಹಸಿಮೆಣಸಿನಕಾಯಿ ಹಲ್ಲಿಗೆ ಸಿಕ್ಕಿತು. ಕಣ್ಣು ತುಂಬಿ, ಮೂಗು ಸೋರಿ, ನೀರಿಗೆ ತಡಕಾಡಿದೆ. ಲೋಟ ನನ್ನ ಕೈಗೆ ಬಂತು. ಕಣ್ಣೊರೆಸಿಕೊಂಡು ನೋಡಿದರೆ ಅವರ ಬ್ಯಾಗು ಪಕ್ಕದ ಕುರ್ಚಿಯ ಮೇಲಿತ್ತು. ಅವರು ನನ್ನ ಬಟ್ಟಲನ್ನು ತಮ್ಮ ಕಡೆ ಎಳೆದುಕೊಂಡು, ಮೆಣಸಿನಕಾಯಿ, ಮಜ್ಜಿಗೆಹುಲ್ಲು, ಎಲೆ ಒಂದೊಂದನ್ನೇ ಎತ್ತಿ ತಮ್ಮ ಖಾಲಿ ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಿದ್ದರು.

“ಇವನ್ನ ಆರಿಸಿ ತಿನ್ನಬೇಕು. ನಿಧಾನ. ಊಟದ ಹೊತ್ತಲ್ಲಿ ಎಂತ ಅವಸರ?” ಎಂದರು.

ಗೋಡೆಯ ಗಡಿಯಾರದಲ್ಲಿ ಎರಡೂವರೆ ಆಗಿ ಹೋಗಿತ್ತು. ನಾನು ಅದನ್ನು ಹೇಳಬೇಕೆಂದುಕೊಂಡೆ, ಆಮೇಲೆ ಹೇಳಲಿಲ್ಲ.