ಕುದುರೆ ಸರಿಸುವವಳು

ಪರದೇಶದಲ್ಲಿ ಮಗ-ಸೊಸೆ ಇರುವ ಗ್ರೀನ್‌ಫರ್ಡಿನಲ್ಲಿ ನಮ್ಮ ಫ್ಲ್ಯಾಟಿನ ಎದುರು ಒಬ್ಬ ಕೊರಿಯಾದ ಹೆಂಗಸು ಇದ್ದಳು. ಗಯಾಗಮ್ ಎಂಬ ಉದ್ದನೆಯ ತಂತಿವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದಳು. ನಮ್ಮ ತಂಬೂರಿಗೆ ಇರುವಂಥ ಮರದ ಕುದುರೆ ಅದರ ಒಂದೊಂದು ತಂತಿಯ ಕೆಳಗೂ ಇತ್ತು. ನುಡಿಸುವುದಕ್ಕಿಂತ, ಸ್ವರ ಕೂಡಲೆಂದು ಆ ಕುದುರೆಗಳನ್ನು ಸರಿಸುವುದೇ ಹೆಚ್ಚು. ಚಹಾಕ್ಕೆ ಕರೆದರೂ "ವೇಯ್ಟ್, ವೇಯ್ಟ್" ಅನ್ನುತ್ತಿದ್ದಳು. ಚಹಾ ಆರುತ್ತಿತ್ತು.

ಅವಳ ಮಗಳು ಕೊರಿಯಾದ ಪಾಪ್ ಹಾಡಿಗೆ ಕುಣಿಯುವವಳು. ಒಮ್ಮೆ ಕೆಳಗಿನ ಹಾಲ್‌ನಲ್ಲಿ ಕಾರ್ಯಕ್ರಮ ಇಟ್ಟುಕೊಂಡು, ಮೊದಲು ತಾಯಿಯೇ ನುಡಿಸಬೇಕು ಎಂದಳು. ತಾಯಿ ಜನರೆದುರು ಕೂತು ಕುದುರೆ ಸರಿಸತೊಡಗಿದಳು. ಇಬ್ಬರು ಎದ್ದು ಕೋಟು ಹಾಕಿಕೊಂಡರು. ನನಗೆ ತಡೆಯಲಾಗಲಿಲ್ಲ.

"ಸಾಕ್ ಬಿಡಬೇ, ಮಂದಿ ಎದ್ದು ಹೊಂಟಾರ!"

ಪಕ್ಕದಲ್ಲಿದ್ದ ಸೊಸೆ ನನ್ನ ಸೆರಗು ಎಳೆದಳು. "ಅತ್ತಿ, ಸುಮ್ನ ಕೂಡ್ರಿ. ಆಕಿಗೆ ಕನ್ನಡ ಬರಂಗಿಲ್ಲ."

"ಬರಲಿಕ್ಕಂದ್ರ ಏನಾತು? ಕಣ್ಣ ಅದಾವಲ್ಲ!"

ಮಗಳ ಫೋನಿನಲ್ಲಿ ತಾಯಿ ನುಡಿಸಬೇಕಿದ್ದ ರಾಗದ್ದೇ ರೆಕಾರ್ಡಿಂಗ್ ಇತ್ತು. ಅದನ್ನು ಹಾಕಿದ್ದರೆ ತಾಯಿಯ ಅಗತ್ಯವೇ ಇರಲಿಲ್ಲ. ತಾಯಿ ಆ ಫೋನನ್ನೇ ನೋಡುತ್ತಿದ್ದಳು. ಮಗಳು ಅದನ್ನು ಜೇಬಿಗಿಳಿಸಿ, ಎದ್ದವರ ಕಡೆ ತಿರುಗಿ "ವೇಯ್ಟ್" ಅಂದಳು.

ಅವರು ಕೂತರು. ತಾಯಿ ನುಡಿಸಿದಳು. ಚೆನ್ನಾಗೇ ಇತ್ತು. ನಡುವೆ ನಿಲ್ಲಿಸಿ ಮತ್ತೊಂದು ಕುದುರೆ ಸರಿಸಿದಳು. ಆಗ ಯಾರೂ ಏಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ.