ಹಾಳೆಗೆ ಹಿಡಿಸದ ಅಂಕಿಗಳು

ಗಾಳಿಯಲ್ಲಿನ ದೂಳನ್ನು ತೂಗುವ ಆ ಪುಟ್ಟ ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಸೊನ್ನೆಯಕ್ಕ ಎನ್ನುತ್ತಿದ್ದರು. 0.1430 ಗ್ರಾಂ ಬಂದರೆ ಕೊನೆಯ ಸೊನ್ನೆಯನ್ನೂ ಬಿಡದೆ ಬರೆಯುವವಳು; ಅದೂ ಅಳೆದೇ ಬಂದದ್ದು ಎನ್ನುವವಳು. ಗಾಜಿನ ಗೂಡಿನೊಳಗಿನ ತಕ್ಕಡಿಯ ಮುಂದೆ ಹದಿನೆಂಟು ವರ್ಷ ಉಸಿರು ಬಿಗಿಹಿಡಿದು ಕೂತವಳು. ಅಡುಗೆಗೆ ಉಪ್ಪು ಹಾಕುವಾಗಲೂ ಇವಳು ಉಸಿರಾಡುವುದಿಲ್ಲ ಎಂದು ಗಂಡ ಆಡಿಕೊಳ್ಳುತ್ತಿದ್ದ.

ಕಲ್ಲು ಪುಡಿಮಾಡುವ ಕಾರ್ಖಾನೆಯ ಪಕ್ಕದ ಶಾಲೆಯ ಗೋಡೆಗೆ ಗಾಳಿ ಎಳೆಯುವ ಒಂದು ಪೆಟ್ಟಿಗೆಯಿತ್ತು. ಒಳಗಿನ ಬಿಳಿ ಕಾಗದದ ಮೇಲೆ ದೂಳು ಕೂರುತ್ತಿತ್ತು. ಕಾಗದವನ್ನು ಇಡುವ ಮುಂಚೆ ಒಮ್ಮೆ, ತೆಗೆದ ಮೇಲೆ ಒಮ್ಮೆ ಅವಳು ತೂಗಿ, ಎರಡೂ ತೂಕಗಳನ್ನು ಕೇಂದ್ರ ಕಚೇರಿಗೆ ಕಳಿಸುತ್ತಿದ್ದಳು. ಹೆಚ್ಚಿದ್ದಷ್ಟು ದೂಳು.

ಒಂದು ಸೋಮವಾರ ಕೇಂದ್ರ ಕಚೇರಿಯಿಂದ ಪತ್ರ ಬಂತು. ಆರು ವಾರದಿಂದ ಶಾಲೆಯ ಬಳಿ ದೂಳೇ ಇಲ್ಲ. ಶುಕ್ರವಾರ ಪೆಟ್ಟಿಗೆಯನ್ನು ತೆಗೆಯತಕ್ಕದ್ದು. ಗಾಳಿ ಶುದ್ಧವಾಯಿತಲ್ಲ ಎಂದು ಮೇಲಧಿಕಾರಿ ಹಿಗ್ಗಿದರು.

ಅವಳಿಗೆ ತಲೆಯಲ್ಲಿ ಹುಳ ಬಿಟ್ಟಂತಾಯಿತು. ಆ ಕಾಗದಗಳು ಬೂದುಬಣ್ಣಕ್ಕೆ ತಿರುಗಿದ್ದನ್ನು ಅವಳೇ ಕಣ್ಣಾರೆ ಕಂಡಿದ್ದಳು. ಕಣ್ಣಿಗೆ ಕಂಡ ದೂಳು ತಕ್ಕಡಿಗೆ ಕಾಣದೆ ಹೋದೀತೇ? ತಕ್ಕಡಿ ಪರೀಕ್ಷಿಸಿದಳು, ಸರಿಯಿತ್ತು. ಕಂಪ್ಯೂಟರಿನಲ್ಲಿ ತೂಕ ತುಂಬುವ ಸ್ಪ್ರೆಡ್‌ಶೀಟಿನ ಒಂದು ಚೌಕದ ಮೇಲೆ ಒತ್ತಿ ಒಳಗಿದ್ದುದನ್ನು ನೋಡಿದಳು: 0.1432. ಪಕ್ಕದ್ದು 0.1438. ಎಲ್ಲ ನೆಟ್ಟಗಿದೆ. ಆಮೇಲೆ, ಕಚೇರಿಗೆ ಕಳಿಸಿದ್ದ ಟೆಕ್ಸ್ಟ್ ಫೈಲನ್ನು ತೆರೆದಳು. 0.14, 0.14. ಸಾಲುಸಾಲಾಗಿ ಅವಳಿಜವಳಿ.

ಉಳಿದ ಅಂಕಿಗಳನ್ನು ನುಂಗಿದವರಾರು? ಹುಡುಕುತ್ತ ಹೋದವಳು ತನ್ನ ಬೆರಳಿಗೇ ಬಂದು ನಿಂತಳು. ಆರು ವಾರದ ಹಿಂದೆ, ಪಟ್ಟಿ ಒಂದೇ ಹಾಳೆಗೆ ಹಿಡಿಸಲೆಂದು, ಬಿಂದುವಿನ ನಂತರ ಎರಡೇ ಅಂಕಿ ಕಾಣುವಂತೆ ಮಾಡಿದ್ದಳು. ಒಳಗೆ ನಾಲ್ಕೂ ಇದ್ದವು. ಆದರೆ ಟೆಕ್ಸ್ಟ್ ಆಗಿ ಉಳಿಸುವಾಗ ಕಂಪ್ಯೂಟರು ಒಳಗಿದ್ದುದನ್ನು ಬಿಟ್ಟು, ಮೇಲೆ ಕಂಡಷ್ಟನ್ನೇ ಬರೆದುಕೊಂಡಿತ್ತು. ಪರದೆ ತೋರಿಸುವುದೇ ಒಂದು, ಒಳಗಿರುವುದೇ ಒಂದು. ಅದನ್ನೇ ಬೆರಗಿನಿಂದ ಎರಡು ಮೂರು ಸಲ ಮಾಡಿ ನೋಡಿದಳು.

ನಾಲ್ಕಂಕಿಯ ಪಟ್ಟಿ, ಕಚೇರಿಗೆ ಹೋದ ಎರಡಂಕಿಯ ಪಟ್ಟಿ, ಎರಡನ್ನೂ ಅಚ್ಚುಹಾಕಿ ಮೇಲಧಿಕಾರಿಯ ಮೇಜಿನ ಮೇಲೆ ಇಟ್ಟಳು. ಅವರು ಕನ್ನಡಕ ಏರಿಸಿದರು.

"ಯಾರಮ್ಮ ಈ ಕೆಲ್ಸ ಮಾಡಿದ್ದು?"

"ನಾನೇ ಸಾರ್. ಪಟ್ಟಿ ಒಂದೇ ಹಾಳೇಲಿ ಹಿಡೀಲಿ ಅಂತ."

"ನೀವಾ? ಬೇರೆ ಯಾರೇ ಹೇಳಿದ್ರೂ ನಂಬ್ತಿರ್ಲಿಲ್ಲ."

ಅವಳು ನಾಲ್ಕೂ ಅಂಕಿ ಕಾಣುವಂತೆ ಮಾಡಿ, ಹೊಸ ಫೈಲನ್ನು ತೆರೆದು ನೋಡಿ, ಆರೂ ವಾರದ್ದನ್ನು ತಪ್ಪೊಪ್ಪಿಗೆಯ ಜೊತೆ ಮತ್ತೆ ಕಳಿಸಿದಳು. ಗುರುವಾರ ಉತ್ತರ ಬಂತು.

ಶುಕ್ರವಾರ ಏಣಿ ಹೊತ್ತು ಹೋದವರು ಪೆಟ್ಟಿಗೆಯನ್ನು ಗೋಡೆಯಿಂದ ಬಿಚ್ಚಲಿಲ್ಲ. ಅದರ ಬಾಗಿಲು ತೆರೆದು, ಅವಳು ತೂಗಿ ಕೊಟ್ಟಿದ್ದ ಹೊಸ ಕಾಗದವನ್ನು ಒಳಗಿಟ್ಟು ಬಂದರು.