ಸಮಾಜ ವಿಜ್ಞಾನದ ಲೇಬಲ್ಲಿನಡಿ ಸೀನುವ ಹುಡುಗಿ

ಜಯನಗರದ ಅಂಗಡಿಯಲ್ಲಿ ಬ್ರೌನ್ ಪೇಪರ್ ಕೇಳಿದರೆ ಇವತ್ತು ಪಾರದರ್ಶಕ ಪ್ಲಾಸ್ಟಿಕ್ ಹೊದಿಕೆ ಕೊಟ್ಟರು. ಒಳಗೆ ಯಾವ ಪುಸ್ತಕವಿದೆಯೆಂದು ಎಲ್ಲರಿಗೂ ಕಾಣುತ್ತದೆ. ಮಕ್ಕಳಿಗೆ ಇದೆಂಥ ಅನ್ಯಾಯ!

ಶಾಲೆಯಲ್ಲಿದ್ದಾಗ ಒಮ್ಮೆ ನಾನು ಬಾಡಿಗೆ ಲೈಬ್ರರಿಯ ಕಾದಂಬರಿಗೆ ಬ್ರೌನ್ ಪೇಪರಿನ ಬೈಂಡ್ ಹಾಕಿ, ‘ಸಮಾಜ ವಿಜ್ಞಾನ’ ಎಂದು ಲೇಬಲ್ ಅಂಟಿಸಿದ್ದೆ. ಅದರ ತುಂಬ ವಿಚಿತ್ರ ಶಕ್ತಿಯ ಹುಡುಗ ಹುಡುಗಿಯರು. ಒಬ್ಬಳು ಸೀನಿದರೆ ಊರಿನ ಗಡಿಯಾರಗಳೆಲ್ಲ ನಿಲ್ಲುತ್ತಿದ್ದವು.

ಸಂಜೆ ದೀಪ ಹಚ್ಚಿದ ಮೇಲೆ ಅಪ್ಪನಿಗೆ ಪಾಠ ಒಪ್ಪಿಸುವುದು ನಮ್ಮ ಮನೆಯ ಪದ್ಧತಿ. ಅವತ್ತು ಅವರ ಕೈಗೆ ಅದೇ ಪುಸ್ತಕ ಸಿಕ್ಕಿತು. ನನ್ನ ಲೈಬ್ರರಿ ಕಾರ್ಡಿನ ಕಥೆ ಮುಗಿಯಿತೆಂದುಕೊಂಡೆ. ಅಪ್ಪ ಬಹಳ ಹೊತ್ತು ಪುಟ ತಿರುವಿ, ಕನ್ನಡಕದ ಮೇಲಿಂದ ನೋಡಿದರು.

“ಪರೀಕ್ಷೆ ಹಾಲ್‌ನಲ್ಲಿ ಅವಳು ಸೀನು ಯಾಕೆ ತಡ್ಕೊಂಡ್ಲು?”

“ಗಡಿಯಾರ ನಿಂತ್ರೆ ಬೆಲ್ ಹೊಡೆಯಲ್ಲ ಅಪ್ಪ, ಗೆಳತಿಗೆ ಬಸ್ ತಪ್ಪುತ್ತೆ.”

“ಸರಿ. ಆಮೇಲೇನಾಯ್ತು ಅಂತ ಮಾತ್ರ ಹೇಳ್ಬೇಡ ಪುಟ್ಟಿ. ನಾಳೆ ಓದಿ ಕೊಡ್ತೀನಿ.”

ಇವತ್ತು ಮಗಳು ಇಂಥದೇ ಕಾದಂಬರಿಯನ್ನು ಸೋಫಾದ ಮೇಲೆ ಬಿಟ್ಟು ಶಾಲೆಗೆ ಹೋಗಿದ್ದಾಳೆ. ಅವಳು ಬರುವಷ್ಟರಲ್ಲಿ ನಾನು ಐದನೇ ಅಧ್ಯಾಯ ಮುಗಿಸಬೇಕು.